ಷಟ್ಪದಿಯ ಭಾರತ, ಚಾವಡಿಯ ಅರ್ಥ

ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ. ಇಂಗ್ಲಿಷ್ ಲೆಕ್ಕದಲ್ಲಿ ಅದು ಮೇ ತಿಂಗಳ ಕೊನೆಯ ವಾರಕ್ಕೆ ಬೀಳುತ್ತದೆ. ಅಂದಿಗೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿದು ಕಲಾವಿದರು ಗೆಜ್ಜೆ ಬಿಚ್ಚುತ್ತಾರೆ. ಅಲ್ಲಿಂದ ದೀಪಾವಳಿ ಕಳೆಯುವವರೆಗೆ ಬಯಲಿನಲ್ಲಿ ಆಟವಿಲ್ಲ. ಮಳೆ ಹಿಡಿದು ನೇತ್ರಾವತಿ, ಕುಮಾರಧಾರೆ, ಪಯಸ್ವಿನಿಗಳು ಕೆಂಪಾಗಿ ತುಂಬಿ ಹರಿಯುವ ಆ ನಾಲ್ಕೈದು ತಿಂಗಳು ಪುತ್ತೂರು, ಸುಳ್ಯ, ಕಡಬದ ಕಡೆ ಕಥೆ ನಿಲ್ಲುವುದಿಲ್ಲ; ಬಯಲಿನಿಂದ ಎದ್ದು ಚಾವಡಿಗೆ ಬರುತ್ತದೆ. ವೇಷ ಕಳಚಿ, ಬರಿಯ ಮಾತಾಗಿ, ತಾಳಮದ್ದಲೆಯ ಕೂಟವಾಗುತ್ತದೆ. ಇಲ್ಲವೆ ವ್ಯಾಸಪೀಠದ ಮೇಲೆ ಗದುಗಿನ ಭಾರತವನ್ನಿಟ್ಟು ಒಬ್ಬರು ಓದುವ, ಇನ್ನೊಬ್ಬರು ಅರ್ಥ ಹೇಳುವ ಪುರಾಣವಾಗುತ್ತದೆ.

ಆರು ಶತಮಾನಗಳಷ್ಟು ಹಿಂದಿನ ಕನ್ನಡ ಕಾವ್ಯವೊಂದನ್ನು, ಮನೆಯಲ್ಲಿ ತುಳುವನ್ನೋ ಅರೆಭಾಷೆಯನ್ನೋ ಹವ್ಯಕವನ್ನೋ ಕೊಂಕಣಿಯನ್ನೋ ಆಡುವ ಜನ ಹೀಗೆ ಮಳೆಗಾಲಗಟ್ಟಲೆ ಕೇಳಿಸಿಕೊಂಡು ಬಂದದ್ದು ಸಣ್ಣ ಸಂಗತಿಯಲ್ಲ. ಅವರಲ್ಲಿ ಹೆಚ್ಚಿನವರು ಮೂಲದ ಪದ್ಯವನ್ನು ತಾವೇ ಓದಿ ಬಿಡಿಸಿದವರಲ್ಲ. ಅವರಿಗೆ ದಕ್ಕಿದ್ದು ಅರ್ಥದ ಮೂಲಕ, ಅಂದರೆ ಅನುವಾದದ ಮೂಲಕ. ಹಾಗಾದರೆ ಅವರು ಕುಮಾರವ್ಯಾಸನನ್ನು ಬಲ್ಲರೇ? ಅಥವಾ ಅವನ ಕಥೆಯನ್ನು ಮಾತ್ರ ಬಲ್ಲರೇ?

ರೋಮಿನಲ್ಲೂ ಇದೇ ಪ್ರಶ್ನೆ

ಈ ಪ್ರಶ್ನೆ ನಮ್ಮೊಬ್ಬರದೇ ಅಲ್ಲ. ರೋಮಿನ ಮಹಾಕವಿ ವರ್ಜಿಲ್ ಕ್ರಿಸ್ತಪೂರ್ವ 19ರಲ್ಲಿ ತೀರಿಕೊಂಡಾಗ ಅವನ 'ಈನಿಯಡ್' ಕಾವ್ಯಕ್ಕೆ ಕೊನೆಯ ತಿದ್ದುಪಡಿ ಆಗಿರಲಿಲ್ಲ. ಅದನ್ನು ಸುಟ್ಟುಬಿಡಿ ಎಂದು ಅವನು ಹೇಳಿದ್ದನೆಂದೂ ಚಕ್ರವರ್ತಿ ಅಗಸ್ಟಸ್ ಅದಕ್ಕೆ ಒಪ್ಪಲಿಲ್ಲವೆಂದೂ ಪ್ರತೀತಿ. ಉರಿಯುವ ಟ್ರಾಯ್ ನಗರದಿಂದ ಮುದಿ ತಂದೆಯನ್ನು ಹೆಗಲ ಮೇಲೆ ಹೊತ್ತು ಹೊರಟ ಈನಿಯಸನ ಕಥೆ ಅದು. ಹನ್ನೆರಡು ಕಾಂಡ, ಹತ್ತಿರ ಹತ್ತಿರ ಹತ್ತು ಸಾವಿರ ಸಾಲು. ಲ್ಯಾಟಿನ್ ಯಾರ ಮನೆಮಾತೂ ಆಗಿ ಉಳಿಯದೆ ಶತಮಾನಗಳು ಕಳೆದಿವೆ. ಇಂದು ಆ ಕಾವ್ಯವನ್ನು ಓದುವವರಲ್ಲಿ ಬಹುಪಾಲು ಜನ ಅನುವಾದದಲ್ಲೇ ಓದುತ್ತಾರೆ.

ಇಂಗ್ಲಿಷಿನಲ್ಲಂತೂ ಪ್ರತಿ ತಲೆಮಾರಿಗೂ ಒಂದು ಹೊಸ 'ಈನಿಯಡ್' ಬೇಕಾಗಿದೆ. 1697ರಲ್ಲಿ ಡ್ರೈಡನ್ ಅದನ್ನು ಪ್ರಾಸಬದ್ಧ ದ್ವಿಪದಿಗಳಲ್ಲಿ ಹಾಡಿದ. 1983ರಲ್ಲಿ ರಾಬರ್ಟ್ ಫಿಟ್ಜೆರಾಲ್ಡ್, 2006ರಲ್ಲಿ ರಾಬರ್ಟ್ ಫೇಗಲ್ಸ್ ತಮ್ಮ ಕಾಲದ ಇಂಗ್ಲಿಷಿಗೆ ತಂದರು. 2008ರಲ್ಲಿ ಸಾರಾ ರೂಡನ್ ಎಂಬ ವಿದುಷಿ ಲ್ಯಾಟಿನ್ ಸಾಲಿಗೆ ಇಂಗ್ಲಿಷ್ ಸಾಲು ಎಂಬ ಬಿಗಿಯಲ್ಲಿ ಅನುವಾದಿಸಿದರು. ಮೂಲ ಒಂದೇ ಇದ್ದರೂ ಡ್ರೈಡನನ ಇಂಗ್ಲಿಷೇ ಈಗಿನವರಿಗೆ ಹಳತಾಗಿದೆ. ಅನುವಾದಕ್ಕೆ ಮುಪ್ಪು ಬೇಗ ಬರುತ್ತದೆ, ಮೂಲಕ್ಕೆ ಬರುವುದಿಲ್ಲ.

ಲ್ಯಾಟಿನ್ ಎಂಬ ಹೆಸರು ಈ ಸೀಮೆಗೆ ತೀರ ಪರಕೀಯವೂ ಅಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ (1962–65) ಆಯಾ ಜನರ ಭಾಷೆಗೆ ಅವಕಾಶ ಕೊಡುವವರೆಗೆ ಕರಾವಳಿಯ ಕೆಥೋಲಿಕ್ ಇಗರ್ಜಿಗಳಲ್ಲಿ ಬಲಿಪೂಜೆ ನಡೆಯುತ್ತಿದ್ದುದು ಲ್ಯಾಟಿನ್ನಿನಲ್ಲೇ. ಕೊಂಕಣಿ ಆಡುವ ಕೃಷಿಕರು ಅರ್ಥವಾಗದ ಆ ಭಾಷೆಗೆ ಬಾಯಿಪಾಠದಿಂದ ಉತ್ತರ ಕೊಡುತ್ತಿದ್ದರು. ಪಕ್ಕದ ಬೈಲಿನ ಚಾವಡಿಯಲ್ಲಿ ಷಟ್ಪದಿ ಕೇಳುತ್ತಿದ್ದ ತುಳು ಮನೆಯವರಿಗೂ ಅವರಿಗೂ ಒಂದು ವ್ಯತ್ಯಾಸವಿತ್ತು. ಇಲ್ಲಿ ಪದ್ಯ ಮುಗಿದ ಕೂಡಲೇ ಅರ್ಥ ಹೇಳುವವರು ಒಬ್ಬರು ಕುಳಿತಿರುತ್ತಿದ್ದರು.

ಇಬ್ಬರು ಕೂತು ಓದುವ ಕ್ರಮ

ಪುರಾಣ ವಾಚನದ ಕ್ರಮವನ್ನು ಗಮನಿಸಿದರೆ ಅದರ ಜಾಣ್ಮೆ ತಿಳಿಯುತ್ತದೆ. ವಾಚನಕಾರರು ಒಂದು ಪದ್ಯವನ್ನು ರಾಗವಾಗಿ ಓದುತ್ತಾರೆ. ಪ್ರವಚನಕಾರರು ಅದರ ಪದಗಳನ್ನು ಬಿಡಿಸಿ, ಅನ್ವಯ ಮಾಡಿ, ಕೇಳುವವರ ಬದುಕಿನ ಉದಾಹರಣೆ ಸೇರಿಸಿ ಹೇಳುತ್ತಾರೆ. ಎದುರು ಕುಳಿತವರು ತುಳುವರೇ ಆಗಿದ್ದರೆ ಆ ಅರ್ಥ ತುಳುವಿಗೆ ಹೊರಳುವುದೂ ಉಂಟು. ಮತ್ತೆ ಪದ್ಯ, ಮತ್ತೆ ಅರ್ಥ. ಇಂದಿನ ಪುಸ್ತಕಗಳಲ್ಲಿ ಎಡಪುಟಕ್ಕೆ ಮೂಲ, ಬಲಪುಟಕ್ಕೆ ಅನುವಾದ ಅಚ್ಚು ಮಾಡುತ್ತಾರಲ್ಲ, ಅದನ್ನೇ ಇಲ್ಲಿ ಇಬ್ಬರು ಮನುಷ್ಯರು ಮಾಡುತ್ತಿದ್ದರು. ಮೂಲ ಕಿವಿಗೆ ಬೀಳದೆ ಅರ್ಥ ಬರುತ್ತಿರಲಿಲ್ಲ. ಅರ್ಥ ಬರದೆ ಮುಂದಿನ ಪದ್ಯಕ್ಕೆ ದಾರಿ ಇರಲಿಲ್ಲ.

ಹೀಗೆ ಓದಿಸಿಕೊಂಡ ಕಾವ್ಯಗಳು ಮುಖ್ಯವಾಗಿ ಮೂರು. 15ನೆಯ ಶತಮಾನದ ಕುಮಾರವ್ಯಾಸನ ಗದುಗಿನ ಭಾರತ, ಕುಮಾರವಾಲ್ಮೀಕಿಯ ತೊರವೆ ರಾಮಾಯಣ, ದೇವನೂರಿನ ಲಕ್ಷ್ಮೀಶನ ಜೈಮಿನಿ ಭಾರತ. ಮೊದಲಿನ ಎರಡು ಭಾಮಿನಿ ಷಟ್ಪದಿಯವು, ಮೂರನೆಯದು ವಾರ್ಧಕ ಷಟ್ಪದಿಯದು. ಮಳೆ ಬಾರದ ವರ್ಷ ವಿರಾಟಪರ್ವ ಓದಿಸಿದರೆ ಮಳೆ ಬರುತ್ತದೆಂಬ ನಂಬಿಕೆ ಕನ್ನಡನಾಡಿನ ಎಲ್ಲ ಕಡೆಗೂ ಇದೆ. ಕಾವ್ಯವೆಂದರೆ ಪಂಡಿತರ ಸೊತ್ತು ಮಾತ್ರವೆಂದು ಜನ ತಿಳಿದಿರಲಿಲ್ಲ ಎಂಬುದಕ್ಕೆ ಈ ನಂಬಿಕೆಯೇ ಸಾಕ್ಷಿ.

ಷಟ್ಪದಿಯ ಲೆಕ್ಕ ಸರಳ. ಆರು ಸಾಲು. ಭಾಮಿನಿಯಲ್ಲಿ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ ಮೂರು-ನಾಲ್ಕು, ಮೂರು-ನಾಲ್ಕರ ನಡೆಯಲ್ಲಿ 14 ಮಾತ್ರೆ. ಮೂರು ಮತ್ತು ಆರನೆಯ ಸಾಲು ಅದೇ ನಡೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಒಂದು ಗುರುವಿನ ಮೇಲೆ ನಿಲ್ಲುತ್ತದೆ; ಅಲ್ಲಿಗೆ 23 ಮಾತ್ರೆ. ವಾರ್ಧಕದಲ್ಲಿ ಐದೈದರ ನಡೆ. ಪ್ರತಿ ಸಾಲಿನ ಎರಡನೆಯ ಅಕ್ಷರಕ್ಕೆ ಪ್ರಾಸ. ಓದು ಬಾರದವರೂ ನೂರಾರು ಪದ್ಯ ನೆನಪಿಟ್ಟುಕೊಂಡದ್ದು ಈ ಕಟ್ಟಿನ ಬಲದಿಂದ. ಗದ್ಯಕ್ಕೆ ಇಳಿಸಿದ ಕೂಡಲೇ ಮೊದಲು ಬಿಟ್ಟುಹೋಗುವುದೂ ಇದೇ. ಕಥೆ ಉಳಿಯುತ್ತದೆ, ಉಪಮೆ ಉಳಿಯುತ್ತದೆ; ಆದರೆ ನೆನಪಿನಲ್ಲಿ ಕಟ್ಟಿಕೊಳ್ಳುವ ಹಗ್ಗ ಕಳಚಿ ಬೀಳುತ್ತದೆ.

ಲ್ಯಾಟಿನ್ ಕಾವ್ಯಕ್ಕೂ ಇಂತಹದೇ ಒಂದು ನಷ್ಟವಿದೆ. ಲ್ಯಾಟಿನ್ನಿನಲ್ಲಿ ನಾಮಪದಗಳಿಗೆ ಕನ್ನಡದಂತೆಯೇ ವಿಭಕ್ತಿ ಇದೆ. ಕರ್ತೃ ಯಾವುದು, ಕರ್ಮ ಯಾವುದು ಎಂಬುದು ಪದದ ಬಾಲದಿಂದ ತಿಳಿಯುತ್ತದೆ. ಆದ್ದರಿಂದ ಕವಿ ಪದಗಳನ್ನು ತನಗೆ ಬೇಕಾದಲ್ಲಿ ಇಡಬಲ್ಲ. ಮುಖ್ಯವಾದದ್ದನ್ನು ಸಾಲಿನ ಕೊನೆಯವರೆಗೆ ತಡೆಹಿಡಿಯಬಲ್ಲ. ಇಂಗ್ಲಿಷಿಗೆ ಆ ಸ್ವಾತಂತ್ರ್ಯ ಕಡಿಮೆ. ಪದದ ಸ್ಥಾನ ಬದಲಾದರೆ ಅರ್ಥವೇ ಬದಲಾಗುತ್ತದೆ. ಆ ಮಟ್ಟಿಗೆ ಕುಮಾರವ್ಯಾಸನನ್ನು ಇಂದಿನ ಕನ್ನಡಕ್ಕೆ ತರುವವನು ಭಾಗ್ಯವಂತ. ಭಾಷೆಯ ಮೈಕಟ್ಟು ಅದೇ ಇದೆ.

ತಾಳೆಗರಿಯಿಂದ ಕಲ್ಲಚ್ಚಿಗೆ

ಈ ಕಾವ್ಯಗಳು ತಾಳೆಗರಿಯಿಂದ ಕಾಗದಕ್ಕೆ ಬಂದ ಕಥೆಯಲ್ಲಿ ಮಂಗಳೂರಿಗೆ ದೊಡ್ಡ ಪಾಲಿದೆ. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್, 1848ರಿಂದ 'ಬಿಬ್ಲಿಯೊಥಿಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಹಳೆಯ ಕನ್ನಡ ಕೃತಿಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಆ ಮಾಲೆಯಲ್ಲಿದ್ದವು. ಕ್ರೈಸ್ತ ಮತ ಸಾರಲು ಬಂದ ಪಾದ್ರಿಗಳು ಇಲ್ಲಿನ ಜನರ ಮನಸ್ಸನ್ನು ತಿಳಿಯಲು ಅವರ ಕಾವ್ಯ ಓದಲೇಬೇಕೆಂದು ಕಂಡುಕೊಂಡಿದ್ದರು.

1852ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮಿಷನ್ನಿನ ಡೇನಿಯಲ್ ಸ್ಯಾಂಡರ್ಸನ್ ಜೈಮಿನಿ ಭಾರತವನ್ನು ಇಂಗ್ಲಿಷ್ ಅನುವಾದ ಮತ್ತು ಟಿಪ್ಪಣಿಗಳೊಂದಿಗೆ ಪ್ರಕಟಿಸಿದರು. ಹಳೆಯ ಕನ್ನಡ ಕಾವ್ಯವನ್ನು ಇಂಗ್ಲಿಷಿನಲ್ಲಿ ಓದುವುದು ಈಚಿನ ಶೋಕಿ ಎಂದು ತಿಳಿಯುವವರು ಈ ಇಸವಿಯನ್ನು ನೆನಪಿಡಬೇಕು. ಆ ಪರಂಪರೆ ಕಡಿದುಹೋಗಿಲ್ಲ. ರಾಘವಾಂಕನ ಹರಿಶ್ಚಂದ್ರ ಕಾವ್ಯ 2017ರಲ್ಲಿ ವನಮಾಲಾ ವಿಶ್ವನಾಥ ಅವರ ಇಂಗ್ಲಿಷ್ ಅನುವಾದದಲ್ಲಿ, ಎದುರು ಪುಟದಲ್ಲಿ ಕನ್ನಡ ಮೂಲದೊಂದಿಗೆ ಹೊರಬಂತು.

ಕನ್ನಡ ಓದುಗರ ಮಟ್ಟಿಗೆ ದೊಡ್ಡ ಘಟನೆಯೆಂದರೆ ಕುವೆಂಪು ಮತ್ತು ಮಾಸ್ತಿ ಸಂಪಾದಿಸಿದ 'ಕರ್ಣಾಟ ಭಾರತ ಕಥಾಮಂಜರಿ'. 1958ರಲ್ಲಿ ಸರಕಾರದ ವತಿಯಿಂದ ಅಗ್ಗದ ಬೆಲೆಗೆ ಬಂದ ಆ ದಪ್ಪ ಪುಸ್ತಕ ಸಾಮಾನ್ಯರ ಮನೆಗೂ ಕುಮಾರವ್ಯಾಸನನ್ನು ತಲುಪಿಸಿತು. ಅರ್ಥವಿಲ್ಲ, ಟೀಕೆಯಿಲ್ಲ, ಬರಿಯ ಮೂಲ. ಅರ್ಥ ಹೇಳುವವರು ಊರಿನಲ್ಲೇ ಇದ್ದಾರೆಂಬ ಭರವಸೆ ಆ ಕಾಲಕ್ಕೆ ಇನ್ನೂ ಇತ್ತು.

ನಾಲ್ಕು ಪದರದ ಅನುವಾದ

ಪುರಾಣ ವಾಚನಕ್ಕಿಂತ ಒಂದು ಹೆಜ್ಜೆ ಮುಂದೆ ಹೋದದ್ದು ತಾಳಮದ್ದಲೆ. ಇಲ್ಲಿ ಅರ್ಥ ಹೇಳುವವರು ಹೊರಗಿನ ವ್ಯಾಖ್ಯಾನಕಾರರಲ್ಲ, ಪಾತ್ರವೇ ಆಗಿ ಮಾತನಾಡುವ ಅರ್ಥಧಾರಿಗಳು. ಭಾಗವತರು ಪ್ರಸಂಗದ ಒಂದು ಪದ ಹಾಡುತ್ತಾರೆ. ಅರ್ಥಧಾರಿ ಆ ಪದದ ಸಾರವನ್ನು ಹಿಡಿದು ತನ್ನ ಮಾತಿನಲ್ಲಿ ಬೆಳೆಸುತ್ತಾನೆ. ಇದಿರು ಅರ್ಥಧಾರಿ ಉತ್ತರ ಕೊಡುತ್ತಾನೆ. ಬರೆದಿಟ್ಟ ಸಂಭಾಷಣೆ ಇಲ್ಲ. ನಾಲ್ಕು ಸಾಲಿನ ಪದಕ್ಕೆ ಅರ್ಧ ಗಂಟೆಯ ಅರ್ಥ ಬರುವುದೂ ಉಂಟು.

ಇದನ್ನು ಅನುವಾದದ ಕಣ್ಣಿನಿಂದ ನೋಡಿದರೆ ಪದರ ಪದರವಾಗಿ ಕಾಣುತ್ತದೆ. ವ್ಯಾಸ ಸಂಸ್ಕೃತದಲ್ಲಿ ಹೇಳಿದ್ದನ್ನು ಕುಮಾರವ್ಯಾಸ ಕನ್ನಡದ ಷಟ್ಪದಿಗೆ ತಂದ. ಅವನ ಷಟ್ಪದಿಯನ್ನು ಹಿಡಿದು ಯಕ್ಷಗಾನ ಕವಿಗಳು ಹಾಡುವ ಪದ ಕಟ್ಟಿದರು. ಆ ಪದವನ್ನು ಅರ್ಥಧಾರಿ ಮಾತಿಗೆ ಇಳಿಸಿದ. ಸುಧನ್ವ, ಬಭ್ರುವಾಹನ, ತಾಮ್ರಧ್ವಜರ ಕಾಳಗಗಳು ಹೀಗೆಯೇ ಲಕ್ಷ್ಮೀಶನಿಂದ ಪ್ರಸಂಗಕ್ಕೆ, ಪ್ರಸಂಗದಿಂದ ಕೂಟಕ್ಕೆ ಬಂದವು. ಮೂಲ ಯಾವುದು ಎಂದು ಕೇಳಿದರೆ ಪ್ರತಿ ಮೆಟ್ಟಿಲೂ ತನ್ನ ಕೆಳಗಿನದಕ್ಕೆ ಮೂಲವೇ.

ವಾಲಿಮೋಕ್ಷದ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ನನಗೂ ನಿನಗೂ ಹಗೆ ಇರಲಿಲ್ಲ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ನ್ಯಾಯ? ಪ್ರಸಂಗದ ಪದದಲ್ಲಿ ಈ ಪ್ರಶ್ನೆ ಚಿಕ್ಕದು. ಕೂಟದಲ್ಲಿ ಅದು ವಿಚಾರಣೆಯಾಗುತ್ತದೆ. ರಾಜನೀತಿ, ಅಣ್ಣತಮ್ಮಂದಿರ ಪಾಲು, ಶರಣಾಗತನಿಗೆ ಕೊಟ್ಟ ಮಾತು, ಬಲವಂತನಿಗೆ ಒಂದು ಧರ್ಮ ದುರ್ಬಲನಿಗೆ ಇನ್ನೊಂದು ಧರ್ಮವೇ ಎಂಬ ವಾದ ಎಲ್ಲ ಬರುತ್ತವೆ. ಪಾಲುಪಟ್ಟಿ, ಗಡಿ ತಕರಾರು, ಕೋರ್ಟು ಕಚೇರಿ ಕಂಡ ಕೃಷಿಕರು ಎದುರು ಕುಳಿತು ರಾಮನ ಉತ್ತರ ಸರಿಯೇ ತಪ್ಪೇ ಎಂದು ತೂಗುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿ ಮತ್ತು ರಾವಣರ ಅರ್ಥವನ್ನು ಕೇಳಿದವರು ಇಂದಿಗೂ ಅದರ ಮಾತನ್ನು ಆಡುತ್ತಾರೆ. ಸೋತವನ ಪಕ್ಷಕ್ಕೂ ಅಷ್ಟು ದೂರ ಮಾತನಾಡಲು ಬಿಡುವ ಕಲೆ ಇದು.

ಈ ಅರ್ಥದ ಭಾಷೆಯೂ ವಿಚಾರ ಮಾಡತಕ್ಕದ್ದು. ಅರ್ಥಧಾರಿ ಮನೆಯಲ್ಲಿ ತುಳು ಆಡುವವನು, ಪೇಟೆಯಲ್ಲಿ ಇಂಗ್ಲಿಷ್ ಬೆರೆಸಿ ಮಾತನಾಡುವವನು. ಆದರೆ ಕೂಟದಲ್ಲಿ ಕುಳಿತ ಮೇಲೆ ಒಂದು ಇಂಗ್ಲಿಷ್ ಪದವೂ ನುಸುಳಬಾರದೆಂಬುದು ಕಟ್ಟಳೆ. ಅತ್ತ ಹಳಗನ್ನಡವೂ ಅಲ್ಲದ, ಇತ್ತ ಬೀದಿಯ ಮಾತೂ ಅಲ್ಲದ ಒಂದು ಗಂಭೀರ ಗದ್ಯ ಅಲ್ಲಿ ಬೆಳೆದಿದೆ. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಎಷ್ಟೋ ತುಳುವರು ಒಳ್ಳೆಯ ಕನ್ನಡ ಕಲಿತದ್ದು ಇದರಿಂದಲೇ. ಹಳೆಯ ಕಾವ್ಯವನ್ನು ಇಂದಿನ ಭಾಷೆಗೆ ತರುವಾಗ ಎಷ್ಟು ಇಂದಿನದಾಗಿಸಬೇಕು ಎಂಬುದು ವರ್ಜಿಲನ ಅನುವಾದಕರನ್ನೂ ಕಾಡಿದ ಪ್ರಶ್ನೆ. ತಾಳಮದ್ದಲೆ ಅದಕ್ಕೆ ತನ್ನದೇ ಉತ್ತರ ಕಂಡುಕೊಂಡಿತು: ಅರ್ಥವಾಗಬೇಕು, ಆದರೆ ಅಗ್ಗವಾಗಬಾರದು.

ಚೊಕ್ಕಾಡಿಯಿಂದ ಬಂದ ಗದ್ಯ

ಮಾತಿನ ಅರ್ಥ ರಾತ್ರಿ ಕಳೆದರೆ ಮುಗಿಯಿತು. ಅದನ್ನು ಪುಸ್ತಕವಾಗಿಸಿದವರು ಸುಳ್ಯ ತಾಲೂಕಿನ ಚೊಕ್ಕಾಡಿಯ ದೇರಾಜೆ ಸೀತಾರಾಮಯ್ಯ (1914–1984). ಕಡಿಮೆ ಮಾತಿನಲ್ಲಿ ಮೊನಚಾಗಿ ಅರ್ಥ ಹೇಳುವವರೆಂದು ಹೆಸರಾಗಿದ್ದ ಅವರು 'ಶ್ರೀಮನ್ಮಹಾಭಾರತ ಕಥಾಮೃತ', 'ಶ್ರೀರಾಮಚರಿತಾಮೃತ' ಎಂಬ ಗದ್ಯಗ್ರಂಥಗಳನ್ನು ಬರೆದರು. ಕೂಟದಲ್ಲಿ ಕರ್ಣನಿಗೂ ಕೌರವನಿಗೂ ದನಿ ಕೊಟ್ಟವರೇ ಕೂತು ಬರೆದದ್ದರಿಂದ ಆ ಗದ್ಯದ ಬೇರು ಆಡುಮಾತಿನಲ್ಲಿದೆ. 'ಯಕ್ಷಗಾನ ವಿವೇಚನೆ'ಯಲ್ಲಿ ಅವರು ಈ ಕಲೆಯ ಬಗೆಗೂ ಬರೆದರು. ಸುಳ್ಯದ ಗಡಿಗೆ ತಾಗಿದ ದೇಲಂಪಾಡಿಯ ಬನಾರಿಯಲ್ಲಿ ಕೀರಿಕ್ಕಾಡು ಮಾಸ್ತರ್ ವಿಷ್ಣು ಭಟ್ಟರು ಅರ್ಥಗಾರಿಕೆಯನ್ನು ಪಾಠವಾಗಿಯೇ ಕಲಿಸಿ ಒಂದು ಶಿಷ್ಯವರ್ಗವನ್ನು ಬೆಳೆಸಿದರು. ಪುತ್ತೂರಿನಲ್ಲಿ ನೆಲೆಸಿ ಬಾಲವನ ಕಟ್ಟಿದ ಶಿವರಾಮ ಕಾರಂತರು 'ಯಕ್ಷಗಾನ ಬಯಲಾಟ' ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು.

ಪಂಪನೂ ವರ್ಜಿಲನೂ

ಷಟ್ಪದಿಗೂ ಹಿಂದಿನ ಪಂಪನನ್ನು ಓದುವುದು ಇನ್ನೂ ಕಷ್ಟ. 941ರ ಸುಮಾರಿಗೆ ಮುಗಿದ 'ವಿಕ್ರಮಾರ್ಜುನ ವಿಜಯ'ವನ್ನು 1898ರಲ್ಲಿ ಬಿ.ಎಲ್. ರೈಸ್ ಅಚ್ಚಿಗೆ ತಂದರು. ಅದರ ಮರ್ಮವನ್ನು ತೆರೆದು ತೋರಿಸಿದ ಮೊದಲಿಗರಲ್ಲಿ ವಿಟ್ಲ ಸೀಮೆಯ ಮುಳಿಯ ತಿಮ್ಮಪ್ಪಯ್ಯ (1888–1950) ಒಬ್ಬರು. ಅವರ 'ನಾಡೋಜ ಪಂಪ' 1938ರಲ್ಲಿ ಹೊರಬಂತು. ಮುಂದೆ ಡಿ.ಎಲ್. ನರಸಿಂಹಾಚಾರ್ ಅವರ 'ಪಂಪಭಾರತ ದೀಪಿಕೆ' ಪ್ರತಿ ಪದ್ಯಕ್ಕೂ ಅರ್ಥ ಕೊಟ್ಟು ವಿದ್ಯಾರ್ಥಿಗಳ ಕೈಹಿಡಿಯಿತು.

ಪಂಪ ತನ್ನ ಒಡೆಯ ಅರಿಕೇಸರಿಯನ್ನೇ ಅರ್ಜುನನಲ್ಲಿ ಕಂಡ. ಅದಕ್ಕಾಗಿ ಕಥೆಯನ್ನೂ ತಿರುಗಿಸಿದ: ಅವನ ದ್ರೌಪದಿಗೆ ಅರ್ಜುನನೊಬ್ಬನೇ ಗಂಡ, ಕೊನೆಯ ಪಟ್ಟ ಅರ್ಜುನನಿಗೆ, ಪಕ್ಕದಲ್ಲಿ ಸುಭದ್ರೆ. ವರ್ಜಿಲ್ ಮಾಡಿದ್ದೂ ಇಂತಹದೇ. ಅಗಸ್ಟಸನ ವಂಶಕ್ಕೆ ಈನಿಯಸನನ್ನೇ ಮೂಲಪುರುಷನಾಗಿಸಿ, ಟ್ರಾಯಿನ ಹಳೆಯ ಕಥೆಯನ್ನು ರೋಮಿನ ಹೊಸ ಆಳ್ವಿಕೆಗೆ ಜೋಡಿಸಿದ. ಆದರೂ ಇಬ್ಬರೂ ಹೊಗಳುಭಟರಾಗಲಿಲ್ಲ. ಪಂಪನ ಕರ್ಣ ಓದುಗರ ಮನಸ್ಸನ್ನು ಅರ್ಜುನನಿಗಿಂತ ಹೆಚ್ಚು ಕಲಕುತ್ತಾನೆ. ವರ್ಜಿಲನ ಕಾವ್ಯದಲ್ಲಿ ಈನಿಯಸ್ ಬಿಟ್ಟುಹೋದ ಕಾರ್ಥೇಜಿನ ರಾಣಿ ಡೈಡೋಳ ಸಾವು ರೋಮಿನ ವೈಭವಕ್ಕೆ ಕಪ್ಪು ಚುಕ್ಕೆಯಾಗಿ ಉಳಿಯುತ್ತದೆ. ಈ ಒಳದನಿಯನ್ನು ಒಳ್ಳೆಯ ಅನುವಾದ ಉಳಿಸಿಕೊಳ್ಳುತ್ತದೆ, ಕಥಾಸಾರ ಉಳಿಸಿಕೊಳ್ಳುವುದಿಲ್ಲ. ಕೋಶ ನೋಡಿ ಪದಕ್ಕೆ ಪದ ಇಟ್ಟರೂ ಅದು ಸಿಗಲಾರದು.

ಹಳಗನ್ನಡವೆಂದು ಹೆದರುವ ಈ ಸೀಮೆಯ ವಿದ್ಯಾರ್ಥಿಗೆ ಒಂದು ಸಮಾಧಾನವೂ ಇದೆ. ಪಂಪನ ಕಾಲದ 'ಪ'ಕಾರ ನಡುಗನ್ನಡದ ಹೊತ್ತಿಗೆ 'ಹ'ಕಾರವಾಯಿತು: ಪೂ ಹೋಗಿ ಹೂ, ಪುಲಿ ಹೋಗಿ ಹುಲಿ, ಪೋಗು ಹೋಗಿ ಹೋಗು. ತುಳುವಿನಲ್ಲಿ ಆ ಬದಲಾವಣೆ ಆಗಲೇ ಇಲ್ಲ. ಇಲ್ಲಿನ ಮಗುವಿಗೆ ಇಂದಿಗೂ ಹೂ 'ಪೂ', ಹುಲಿ 'ಪಿಲಿ', ಹೋಗುವುದು 'ಪೋಪಿನಿ'. ಹವ್ಯಕರ ಮನೆಯಲ್ಲಿ 'ನಾನು' ಎನ್ನುವುದಕ್ಕೆ 'ಆನು' ಎನ್ನುತ್ತಾರೆ; ಪಂಪನ 'ಆನ್' ಅದೇ. ಪಠ್ಯಪುಸ್ತಕ ಪರಕೀಯವಾಗಿ ತೋರಿಸುವ ಭಾಷೆಯ ಒಂದು ತುಂಡು ಅಡುಗೆಮನೆಯಲ್ಲೇ ಜೀವಂತವಾಗಿದೆ.

ತುಳುವಿನಲ್ಲೂ ಮಹಾಕಾವ್ಯಗಳಿದ್ದವೆಂಬುದು ಕಳೆದ ಶತಮಾನದ ಉತ್ತರಾರ್ಧದಲ್ಲಿ ಎಲ್ಲರಿಗೂ ತಿಳಿಯಿತು. ಕಾಸರಗೋಡಿನ ಕಡೆಯ ವೆಂಕಟರಾಜ ಪುಣಿಂಚತ್ತಾಯರು ತುಳು ಲಿಪಿಯ ತಾಳೆಗರಿಗಳನ್ನು ಓದಿ ವಿಷ್ಣುತುಂಗನ 'ಶ್ರೀ ಭಾಗವತೊ' ಮೊದಲಾದ ಕೃತಿಗಳನ್ನು ಬೆಳಕಿಗೆ ತಂದರು. ಆ ತುಳು ಇಂದಿನ ತುಳುವರಿಗೆ ನೇರವಾಗಿ ಅರ್ಥವಾಗುವಂಥದಲ್ಲ. ತಮ್ಮದೇ ಭಾಷೆಯ ಕಾವ್ಯಕ್ಕೂ ಅರ್ಥ ಹೇಳುವವರು ಬೇಕೆಂದಾಯಿತು.

ಯಾರು ಓದಬೇಕು?

ಈಗ ಎದುರಾಗಿರುವ ತೊಡಕು ಬೇರೆ ಬಗೆಯದು. ಅರ್ಥ ಹೇಳುವವರಿಗೆ ಕೊರತೆ ಇಲ್ಲ. ಪುತ್ತೂರು, ಉಪ್ಪಿನಂಗಡಿ, ಸುಳ್ಯ, ಈಚೆಗೆ ಬೇರೆ ತಾಲೂಕಾದ ಕಡಬ, ಅದರ ಸುಬ್ರಹ್ಮಣ್ಯ ಈ ಎಲ್ಲ ಕಡೆ ಕೂಟಗಳು ನಡೆಯುತ್ತಲೇ ಇವೆ. ಕಡಿಮೆಯಾಗುತ್ತಿರುವವರು ಮೂಲವನ್ನು ರಾಗವಾಗಿ ಓದಬಲ್ಲ ವಾಚನಕಾರರು. ಕೂಟದಲ್ಲೂ ಪದಕ್ಕಿಂತ ಅರ್ಥ ಉದ್ದವಾಯಿತು, ಅರ್ಥಕ್ಕಿಂತ ವಾದ ಉದ್ದವಾಯಿತು ಎಂಬ ದೂರು ಹಳೆಯದೇ. ಪದ ಹೇಳದ್ದನ್ನೆಲ್ಲ ಅರ್ಥ ಹೇಳತೊಡಗಿದರೆ ಅದು ಅನುವಾದವಾಗಿ ಉಳಿಯುವುದಿಲ್ಲ. ಇತ್ತ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತ ಮಕ್ಕಳು ಮಹಾಭಾರತವನ್ನು ಇಂಗ್ಲಿಷ್ ಕಥಾಪುಸ್ತಕದಿಂದ ಓದುತ್ತಾರೆ. ಅದು ತಪ್ಪೆಂದು ಗದರಿಸುವುದರಲ್ಲಿ ಅರ್ಥವಿಲ್ಲ. ಅವರ ಅಜ್ಜಂದಿರೂ ಅನುವಾದದ ಮೂಲಕವೇ ಅದನ್ನು ಪಡೆದವರು.

ವ್ಯತ್ಯಾಸವಿರುವುದು ಇಷ್ಟರಲ್ಲಿ: ಅಜ್ಜನಿಗೆ ಅರ್ಥಕ್ಕೆ ಮೊದಲು ಪದ್ಯ ಕೇಳಿಸುತ್ತಿತ್ತು. ಅರ್ಥವಾಗದೆ ಹೋದರೂ ಅದರ ಲಯ ಕಿವಿಯಲ್ಲಿ ನಿಲ್ಲುತ್ತಿತ್ತು. ಇದರಾಚೆ ಇನ್ನೇನೋ ಇದೆ ಎಂಬ ಅರಿವು ಉಳಿಯುತ್ತಿತ್ತು. ಮೊಮ್ಮಗನಿಗೆ ಅರ್ಥ ಮಾತ್ರ ಸಿಗುತ್ತಿದೆ, ಅದರಾಚೆ ಏನೂ ಇಲ್ಲವೆಂಬಂತೆ. ಲ್ಯಾಟಿನ್ ಬಾರದ ಓದುಗರಿಗಾಗಿಯೂ ಎದುರು ಪುಟದಲ್ಲಿ ಲ್ಯಾಟಿನ್ ಅಚ್ಚು ಮಾಡುವ ಪುಸ್ತಕಗಳಿವೆ. ಓದಲಾಗದ ಪುಟ ಏಕೆಂದು ಕೇಳುವವರಿಗೆ ಚಾವಡಿಯ ಹಳೆಯ ಕ್ರಮವೇ ಉತ್ತರ. ಅನುವಾದ ಯಾವುದರ ಅನುವಾದ ಎಂಬುದು ಮರೆಯದಿರಲಿ ಎಂದು.

ಆಟಿಯ ಮಳೆಗೆ ಹೊರಗಿನ ಕೆಲಸ ನಿಂತಾಗ ಮನೆಯಲ್ಲಿ ಒಂದು ಗಂಟೆ ಬಿಡುವಾಗುತ್ತದೆ. ಕಪಾಟಿನ ಮೇಲಿನ ಗದುಗಿನ ಭಾರತವನ್ನು ಕೆಳಗಿಳಿಸಿ ಹಿರಿಯರೊಬ್ಬರು ಐದು ಪದ್ಯ ಓದಿ, ಕಿರಿಯರು ತಮಗೆ ತಿಳಿದ ಭಾಷೆಯಲ್ಲಿ, ತುಳುವಾಗಲಿ ಇಂಗ್ಲಿಷಾಗಲಿ, ಅದಕ್ಕೆ ಅರ್ಥ ಹೇಳಿದರೂ ಆ ಹಳೆಯ ಕ್ರಮ ಮುರಿಯುವುದಿಲ್ಲ. ಅದು ನಿಂತಿರುವುದು ಇಬ್ಬರ ಮೇಲೆ. ಒಬ್ಬರು ಎದ್ದುಹೋದರೆ ಇನ್ನೊಬ್ಬರಿಂದ ನಡೆಯುವುದಿಲ್ಲ.